ಇಂದಿನ ಧಮ್ಮ ಚಿಂತನೆ: ಹೆರಿಗೆ ಕೋಣೆಯ ಬೆಳಕು



ನಮ್ಮ ಅಧ್ಯಯನ ವಲಯದಲ್ಲಿ ಆಗಾಗ ಏಳುವ ಪ್ರಶ್ನೆ ಇದು: ಯುದ್ಧವನ್ನೇ ನಿಲ್ಲಿಸಲಾಗದವರು ಯುದ್ಧದಲ್ಲಿ ನೊಂದವರಿಗೆ ಒಂದಿಷ್ಟು ನೆರವು ಕೊಟ್ಟರೆ ಅದು ಕರುಣೆಯೋ, ಬರೀ ನಮ್ಮ ಸಮಾಧಾನವೋ? ಇಂದು ಯೆಮೆನ್ ದೇಶದ ಹೆರಿಗೆ ಕೋಣೆಗಳನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸೋಣ.

ಯೆಮೆನ್‌ನಲ್ಲಿ 2015ರಿಂದ ಯುದ್ಧ ಉಗ್ರವಾಯಿತು. ವಿದ್ಯುತ್ ಜಾಲ ಬಹುಪಾಲು ಕುಸಿಯಿತು. ಆಸ್ಪತ್ರೆಗಳು ಡೀಸೆಲ್ ಜನರೇಟರನ್ನೇ ನಂಬಬೇಕಾಯಿತು. ಇಂಧನ ಹೊತ್ತ ಹಡಗುಗಳನ್ನು ಬಂದರಿಗೆ ಬರದಂತೆ ತಡೆದಾಗ ಆ ನಂಬಿಕೆಯೂ ಹೋಯಿತು.

ಗರ್ಭಿಣಿಯ ಪಾಲಿಗೆ ಇದೆಂದರೆ ಏನು? ಹೆರಿಗೆ ಹಗಲು ರಾತ್ರಿ ನೋಡಿ ಬರುವುದಿಲ್ಲ. ಮೊಬೈಲ್ ಬೆಳಕಿನಲ್ಲಿ ರಕ್ತ ಎಲ್ಲಿಂದ ಹರಿಯುತ್ತಿದೆ ಎಂದು ನರ್ಸ್‌ಗೆ ಸರಿಯಾಗಿ ಕಾಣುವುದಿಲ್ಲ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಫ್ರಿಜ್ ನಿಂತರೆ ಮದ್ದಿನ ಶಕ್ತಿ ಕುಂದುತ್ತದೆ. ಸಿಸೇರಿಯನ್‌ಗೆ ಬೆಳಕು ಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಕಾವು, ಆಮ್ಲಜನಕ ಬೇಕು. ಯೆಮೆನ್‌ನಲ್ಲಿ ಎರಡು ಗಂಟೆಗೊಮ್ಮೆ ಒಬ್ಬ ತಾಯಿ, ಆರು ನವಜಾತ ಶಿಶುಗಳು ಸಾಯುತ್ತಿದ್ದಾರೆ ಎಂದು ಯುನಿಸೆಫ್ 2019ರಲ್ಲಿ ಹೇಳಿತು. ಇದಕ್ಕೆ ಹಸಿವು, ದೂರದ ದಾರಿ, ಬಾಗಿಲು ಮುಚ್ಚಿದ ಆಸ್ಪತ್ರೆಗಳೂ ಕಾರಣ. ಕತ್ತಲೂ ಒಂದು ಕಾರಣ.

ಇದನ್ನು ಹಣೆಬರಹ ಎನ್ನಬಹುದೇ? ಹಿಂದಿನ ಜನ್ಮದ ಕರ್ಮ ಎನ್ನಬಹುದೇ? ಈ ಮಾತುಗಳ ಭಾರವನ್ನು ತಲೆಮಾರುಗಳಿಂದ ಹೊತ್ತವರು ನಾವು. ಹಡಗು ತಡೆದವರು ಮನುಷ್ಯರು, ಬಾಂಬು ಹಾಕಿದವರು ಮನುಷ್ಯರು. ಮನುಷ್ಯರು ಮಾಡಿದ ದುಃಖವನ್ನು ಮನುಷ್ಯರೇ ಕಳೆಯಬೇಕು.

ಅಲ್ಲಿ ಹಲವು ಆಸ್ಪತ್ರೆ, ಆರೋಗ್ಯ ಕೇಂದ್ರಗಳ ಚಾವಣಿಯ ಮೇಲೆ ಈಗ ಸೋಲಾರ್ ಫಲಕಗಳಿವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಈ ಕೆಲಸದಲ್ಲಿ ಕೈಜೋಡಿಸಿವೆ. ಹಗಲಿನ ಬಿಸಿಲು ಬ್ಯಾಟರಿಯಲ್ಲಿ ಉಳಿದು ರಾತ್ರಿ ದೀಪವಾಗುತ್ತದೆ, ಫ್ರಿಜ್ ನಡೆಸುತ್ತದೆ. ಸೂರ್ಯನನ್ನು ಯಾವ ಸೈನ್ಯವೂ ಬಂದರಿನಲ್ಲಿ ತಡೆಯಲಾರದು.

ಬಾಬಾಸಾಹೇಬರು ಬೌದ್ಧ ಧಮ್ಮವನ್ನು ಏಕೆ ಮೆಚ್ಚಿದೆನೆಂದು ಹೇಳುವಾಗ ಪ್ರಜ್ಞಾ, ಕರುಣಾ, ಸಮತಾ ಈ ಮೂರನ್ನೂ ಒಟ್ಟಿಗೆ ಹೆಸರಿಸಿದರು. ಕತ್ತಲ ಕೋಣೆಯಲ್ಲಿ ಹೆರಿಗೆ ಮಾಡಿಸುವ ನರ್ಸ್‌ಗೆ ಕರುಣೆ ಕಡಿಮೆಯೇ? ಇಲ್ಲ. ಆ ಕರುಣೆ ಕೈಗೂಡಲು ಬೇಕಾದ ಬೆಳಕು ಅವಳಿಗಿಲ್ಲ. ತಾಯಿ ಯಾವುದರಿಂದ ಸಾಯುತ್ತಿದ್ದಾಳೆ ಎಂದು ಹುಡುಕಿ ಅದಕ್ಕೆ ತಕ್ಕ ಸಾಧನ ತರುವುದು ಪ್ರಜ್ಞೆ. ಒಳಗೆ ಬಂದವಳು ಯಾವ ಪಕ್ಷದವನ ಹೆಂಡತಿ ಎಂದು ಕೇಳದೆ ದೀಪ ಹಚ್ಚುವುದು ಸಮತೆ.

ಬಾಬಾಸಾಹೇಬರ ಬದುಕಿನಲ್ಲೂ ಈ ಎರಡು ಕೆಲಸಗಳಿವೆ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ, ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತವೆಂದು ವಾದಿಸಿದರು. 1943ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ, ಬಡತನ ನೀಗಲು ವಿದ್ಯುತ್ ಅಗ್ಗವಾಗಿ, ಧಾರಾಳವಾಗಿ ಸಿಗಬೇಕೆಂದರು. ತಾಯಿಯ ಆರೈಕೆಯಾಗಲಿ, ವಿದ್ಯುತ್ತಾಗಲಿ ಅವರಿಗೆ ಭಿಕ್ಷೆಯಲ್ಲ, ಸರ್ಕಾರದ ಹೊಣೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಸೋಲಾರ್ ದೀಪ ಯುದ್ಧ ನಿಲ್ಲಿಸುವುದಿಲ್ಲ. ಫಲಕವನ್ನೂ ಬಾಂಬು ಒಡೆಯಬಹುದು. ಬ್ಯಾಟರಿ ಕೆಲವೇ ವರ್ಷ ಬಾಳುತ್ತದೆ. ರಿಪೇರಿ ಬಲ್ಲವರು ಊರಲ್ಲೇ ಇರಬೇಕು. ಆದರೆ ಹೆರಿಗೆ ನೋವು ಬಂದವಳಿಗೆ ಶಾಂತಿ ಒಪ್ಪಂದದ ತನಕ ಕಾಯಿರಿ ಎನ್ನಲಾಗದು. ಹಾಗೆಯೇ, ದೀಪ ಕೊಟ್ಟೆವೆಂದು ಯುದ್ಧದ ಬಗ್ಗೆ ಬಾಯಿ ಮುಚ್ಚಿಕೊಳ್ಳಲೂ ಆಗದು. ದೀಪ ಹಚ್ಚುತ್ತಲೇ ಕತ್ತಲು ಮಾಡಿದವರನ್ನು ಪ್ರಶ್ನಿಸುವುದು ಧಮ್ಮದ ದಾರಿ. ಎರಡರಲ್ಲಿ ಒಂದನ್ನು ಬಿಟ್ಟ ಕರುಣೆ ಅರ್ಧ ಕರುಣೆ ಎಂದೇ ನಾನು ತಿಳಿಯುತ್ತೇನೆ.

ಇಂದಿನ ಅಭ್ಯಾಸ: ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಕರೆಂಟ್ ಹೋದರೆ ಹೆರಿಗೆ ಕೋಣೆಗೆ ಏನು ವ್ಯವಸ್ಥೆ ಇದೆ? ಹೋಗಿ ಕೇಳೋಣ. ಇಲ್ಲವಾದರೆ ಒಟ್ಟಾಗಿ ಅರ್ಜಿ ಕೊಡೋಣ.

ಎಲ್ಲ ತಾಯಂದಿರಿಗೂ ಮಂಗಳವಾಗಲಿ. ಜೈ ಭೀಮ್.