ಹೆಸರು ಬದಲಾದ ಮೇಲೆ

ನಿಮ್ಮ ಮನೆಯ ಕನ್ನಡಿಯ ಬಳಿ ಗುಲಾಬಿ ಬಣ್ಣದ ಒಂದು ಟ್ಯೂಬ್ ಇದ್ದರೆ ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿರಿ. ಅದರ ಮೇಲೆ ಗ್ಲೋ ಅಂಡ್ ಲವ್ಲಿ ಎಂದು ಬರೆದಿರಬಹುದು. ಆದರೆ ಅದನ್ನು ತರಲು ಮಗುವನ್ನು ಅಂಗಡಿಗೆ ಕಳುಹಿಸುವಾಗ ನೀವು ಹೇಳಿಕೊಟ್ಟ ಹೆಸರು ಯಾವುದು? ಫೇರ್ ಅಂಡ್ ಲವ್ಲಿ ಎಂದೇ ಅಲ್ಲವೇ? ಅಂಗಡಿಯವನೂ ಮಗುವನ್ನು ತಿದ್ದುವುದಿಲ್ಲ. ಬಾಗಿಲಿಗೆ ತೂಗುಹಾಕಿದ ಸ್ಯಾಶೆಯ ಮಾಲೆಯಿಂದ ಒಂದನ್ನು ಹರಿದು ಕೊಡುತ್ತಾನೆ. ಕಂಪೆನಿ ಹೆಸರು ಬದಲಿಸಿ ವರ್ಷಗಳೇ ಕಳೆದರೂ ನಮ್ಮ ನಾಲಿಗೆ ಬದಲಾಗಿಲ್ಲ. ಈ ಸಣ್ಣ ಸಂಗತಿಯ ಬಗ್ಗೆ ತಮ್ಮೊಂದಿಗೆ ಸ್ವಲ್ಪ ಮಾತನಾಡಬೇಕೆನಿಸಿದೆ.

ಈ ಕ್ರೀಮು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಆಗ ಕಂಪೆನಿಯ ಹೆಸರು ಹಿಂದೂಸ್ತಾನ್ ಲಿವರ್. ಚರ್ಮದ ಬಣ್ಣದ ಮೇಲೆ ಪರಿಣಾಮ ಬೀರುವ ನಯಾಸಿನಮೈಡ್ ಎಂಬ ಬಿ3 ಜೀವಸತ್ವವೇ ಅದರ ಮುಖ್ಯ ಬಲ. ಆದರೆ ಮಾರಾಟವಾದದ್ದು ಜೀವಸತ್ವವಲ್ಲ, ಒಂದು ಕಥೆ. ಕಪ್ಪು ಹುಡುಗಿಗೆ ವರ ಸಿಗುವುದಿಲ್ಲ; ಕ್ರೀಮು ಹಚ್ಚಿದಳು, ಸಿಕ್ಕಿತು. ಕಾಲ ಬದಲಾಗಿ ಹೆಣ್ಣುಮಕ್ಕಳು ದುಡಿಯಲು ಹೊರಟಾಗ ಕಥೆಯೂ ಬದಲಾಯಿತು. ವರನ ಜಾಗದಲ್ಲಿ ಉದ್ಯೋಗ ಬಂದು ಕುಳಿತಿತು. ಮಗನಿಲ್ಲದ ತಂದೆ ನಿಟ್ಟುಸಿರು ಬಿಡುತ್ತಾನೆ, ಮಗಳು ಬೆಳ್ಳಗಾಗಿ ಗಗನಸಖಿಯಾಗುತ್ತಾಳೆ, ಅಪ್ಪನಿಗೆ ಕಾಫಿ ಕುಡಿಸುತ್ತಾಳೆ. ಈ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ನೀಡಿತು. 2003ರಲ್ಲಿ ಅದು ಪರದೆಯಿಂದ ಮರೆಯಾಯಿತು. ಅದೇ ವರ್ಷ ಇದೇ ಕ್ರೀಮಿನ ಹೆಸರಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ನೀಡುವ ಪ್ರತಿಷ್ಠಾನವೊಂದು ಹುಟ್ಟಿಕೊಂಡಿತು. ಒಂದು ಕೈ ಮುಖಕ್ಕೆ ಮಸಿ ಬಳಿಯುತ್ತದೆ, ಇನ್ನೊಂದು ಕೈ ವಿದ್ಯಾರ್ಥಿವೇತನ ಕೊಡುತ್ತದೆ!

ಮುಂದೆ ಗಂಡಸರ ಸರದಿ. 2005ರಲ್ಲಿ ಬೇರೊಂದು ಕಂಪೆನಿ ಗಂಡಸರಿಗಾಗಿಯೇ ಬಿಳುಪಿನ ಕ್ರೀಮು ತಂದಿತು, ಮರುವರ್ಷ ಇವರೂ ತಂದರು. ಬಳಿಕ 2020. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ವ್ಯಕ್ತಿ ಪೊಲೀಸನ ಮೊಣಕಾಲಿನಡಿ ಉಸಿರುಗಟ್ಟಿ ಸತ್ತಾಗ ಜಗತ್ತೇ ಬೀದಿಗಿಳಿಯಿತು. ಬಣ್ಣ ಮಾರುವವರತ್ತಲೂ ಬೆರಳುಗಳು ಚಾಚಿದವು. ಜೂನ್ 25ರಂದು ಹೆಸರಿನಿಂದ ಫೇರ್ ಎಂಬುದನ್ನು ತೆಗೆಯುವುದಾಗಿ ಪ್ರಕಟಣೆ ಬಂತು, ಜುಲೈ 2ಕ್ಕೆ ಹೊಸ ಹೆಸರು. ಪೊಟ್ಟಣದ ಮೇಲಿದ್ದ ಎರಡು ಬಣ್ಣದ ಮುಖಗಳನ್ನು ಅದಕ್ಕೂ ಮೊದಲೇ, 2019ರಲ್ಲಿ, ಅಳಿಸಲಾಗಿತ್ತು. ಗಂಡಸರ ಕ್ರೀಮಿಗೆ ಗ್ಲೋ ಅಂಡ್ ಹ್ಯಾಂಡ್‌ಸಮ್ ಎಂದು ಹೆಸರಿಟ್ಟಾಗ ಹ್ಯಾಂಡ್‌ಸಮ್ ಎಂಬ ಪದ ಯಾರದ್ದು ಎಂದು ಎರಡು ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅಲ್ಲಾಹನು ಕೊಟ್ಟ ರೂಪಕ್ಕೂ ವಾರಸುದಾರರು!

ಈಗ ನನ್ನ ಪ್ರಶ್ನೆ. ಒಂದು ಕಂಪೆನಿ ತೌಬಾ ಮಾಡಬಲ್ಲುದೇ?

ನಗಬೇಡಿ. ಮದ್ರಸದಲ್ಲಿ ನಾವು ಮಕ್ಕಳಿಗೆ ಪಶ್ಚಾತ್ತಾಪದ ಷರತ್ತುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ತಪ್ಪನ್ನು ಬಿಟ್ಟುಬಿಡಬೇಕು, ಅದಕ್ಕಾಗಿ ಮನಸ್ಸು ನೋಯಬೇಕು, ಇನ್ನೆಂದೂ ಅದರತ್ತ ಮರಳೆನೆಂದು ನಿಶ್ಚಯಿಸಬೇಕು. ಆ ತಪ್ಪಿನಿಂದ ಇನ್ನೊಬ್ಬ ಮನುಷ್ಯನಿಗೆ ಅನ್ಯಾಯವಾಗಿದ್ದರೆ ಅವನ ಹಕ್ಕನ್ನು ಮರಳಿಸಬೇಕು. ಈ ನಾಲ್ಕನೆಯದೇ ಕಠಿಣ. 45 ವರ್ಷಗಳ ಕಾಲ ಅದೆಷ್ಟು ಹುಡುಗಿಯರು ಕನ್ನಡಿಯ ಮುಂದೆ ನಿಂತು ತಮ್ಮ ಮುಖವನ್ನೇ ದ್ವೇಷಿಸಿದರು? ಅವರಿಗೆ ಏನನ್ನು ಮರಳಿಸುವುದು? ಕಂಪೆನಿಗೆ ಲೆಕ್ಕಪುಸ್ತಕವುಂಟು, ನೋಯುವ ಮನಸ್ಸು ಎಲ್ಲಿಂದ ಬರಬೇಕು? ಒಂದು ಕಾಲದಲ್ಲಿ ಜನರು ಮದ್ಯಕ್ಕೆ ಬೇರೆ ಹೆಸರಿಟ್ಟು ಕುಡಿಯುವರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಕ್ರೀಮು ಮದ್ಯವಲ್ಲ, ಅದು ನಿಷಿದ್ಧವೆಂದು ನಾನು ಹೇಳುತ್ತಲೂ ಇಲ್ಲ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆಯನ್ನು ಇಷ್ಟಪಡುವುದು ಅಹಂಕಾರವೇ ಎಂದು ಕೇಳಿದಾಗ ಪ್ರವಾದಿವರ್ಯರು(ಸ) ಅಲ್ಲವೆಂದೇ ತಿಳಿಸಿದರು. ಅಲ್ಲಾಹನಿಗೆ ಸೌಂದರ್ಯ ಪ್ರಿಯವೆಂದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ಅದೇ ಮಾತಿನಲ್ಲಿ ವಿವರಿಸಿದರು. ಮುಖಕ್ಕೆ ಹಚ್ಚುವುದರಲ್ಲಿ ದೋಷವಿಲ್ಲ. ಹಚ್ಚದ ಮುಖವನ್ನು ಕೀಳಾಗಿ ಕಾಣುವುದರಲ್ಲಿದೆ.

ಹಾಗಾದರೆ ಎಲ್ಲವೂ ಕಂಪೆನಿಯ ಅಪರಾಧವೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. 1975ಕ್ಕೆ ಮುಂಚೆಯೂ ನಮ್ಮ ಅಜ್ಜಿಯಂದಿರು ಹುಟ್ಟಿದ ಮಗುವಿನ ಕಿವಿಯಂಚನ್ನು ನೋಡಿ ಮುಂದೆ ಬಣ್ಣ ಹೇಗಾಗುವುದೆಂದು ಭವಿಷ್ಯ ನುಡಿಯುತ್ತಿದ್ದರು. ಗರ್ಭಿಣಿಗೆ ಕೇಸರಿ ಹಾಲು ಕುಡಿಸುತ್ತಿದ್ದರು. ಒಳಮನೆಯಲ್ಲಿ ಪಿಸುಮಾತಾಗಿದ್ದ ಭಯವನ್ನು ಕಂಪೆನಿ ಹೆದ್ದಾರಿಯ ಫಲಕಕ್ಕೇರಿಸಿತು, ಅದಕ್ಕೊಂದು ಬೆಲೆ ಕಟ್ಟಿತು. ಆದರೆ ಆ ಭಯದ ಬೀಜ ನಮ್ಮದೇ ಹಿತ್ತಲಿನದು. ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯದಲ್ಲಿ ದೃಷ್ಟಾಂತಗಳಿವೆಯೆಂದು ಪವಿತ್ರ ಕುರ್‌ಆನ್ ಅರ್‍ರೂಮ್ ಅಧ್ಯಾಯದಲ್ಲಿ ಸಾರುತ್ತದೆ. ಅದನ್ನು ನಾವು ಓದುತ್ತೇವೆ. ಬಿಲಾಲ್(ರ)ರವರ ಕಥೆಯನ್ನು ವೇದಿಕೆಯಲ್ಲಿ ಹೇಳಿ ಸಭಿಕರ ಕಣ್ಣಲ್ಲಿ ನೀರು ತರಿಸುತ್ತೇವೆ. ಮನೆಗೆ ಬಂದು ಮಗನಿಗೆ ಹೆಣ್ಣು ಹುಡುಕುವಾಗ ‘ಬಣ್ಣ ಹೇಗೆ?’ ಎಂಬುದೇ ಎರಡನೆಯ ಪ್ರಶ್ನೆ. ಸಹಾಬಿ ಅಬೂದರ್(ರ)ರವರು ಒಮ್ಮೆ ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಅಂತಹ ಮಹನೀಯರಲ್ಲೇ ಉಳಿದಿದ್ದರೆ ನಮ್ಮ ಪಾಡೇನು?

ನನ್ನ ಪಾಡನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬಿ.ಎ. ಮಾಡಿದ ಉಸ್ತಾದ್ ಎಂದು ಊರಿನವರು ಅರ್ಜಿ, ಆಮಂತ್ರಣ, ಮದುವೆಯ ವಿವರಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಾರೆ. ಎರಡು ವರ್ಷಗಳ ಹಿಂದೆ ನೆರೆಯವರೊಬ್ಬರು ಮಗಳ ವಿವರ ಬರೆಸಲು ಬಂದರು. ನನ್ನ ಬಳಿಯೇ ಓದಿದ ಹುಡುಗಿ, ಒಳ್ಳೆಯ ಕಂಠ, ಕುರ್‌ಆನನ್ನು ತಪ್ಪಿಲ್ಲದೆ ಪಾರಾಯಣ ಮಾಡುವವಳು. ಬಣ್ಣದ ಸಾಲಿಗೆ ಬಂದಾಗ ತಂದೆ ಸುಮ್ಮನಾದರು. ನಾನೂ ಯೋಚಿಸಲಿಲ್ಲ. ‘ಗೋಧಿ ಬಣ್ಣ’ ಎಂದು ಬರೆದೆ. ನಮ್ಮ ಕರಾವಳಿಯಲ್ಲಿ ಗೋಧಿ ಬೆಳೆಯುವುದಿಲ್ಲ, ಆದರೂ ಮದುವೆಯ ಕಾಗದದಲ್ಲಿ ನಮ್ಮ ಹೆಣ್ಣುಮಕ್ಕಳೆಲ್ಲರೂ ಗೋಧಿ ಬಣ್ಣದವರೇ.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಬೆರಳಿಗೆ ಒದ್ದೆ ತಗುಲಿದ ಘಟನೆಯನ್ನು ಅದೇ ವಾರ ಮಕ್ಕಳಿಗೆ ಪಾಠ ಮಾಡಿದ್ದೆ. ಮಳೆಗೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು, ವಂಚಿಸುವವನು ನಮ್ಮವನಲ್ಲ ಎಂದಿದ್ದರು. ಮೊದಲು ನಾನು ವರನ ಕಡೆಯವರಿಗೆ ವಂಚಿಸಿದೆನೆಂದುಕೊಂಡೆ. ಮತ್ತೆ ಮತ್ತೆ ಯೋಚಿಸಿದಾಗ ನನ್ನ ತಪ್ಪು ಅದಕ್ಕಿಂತ ದೊಡ್ಡದೆನಿಸಿತು. ಒದ್ದೆ ಧಾನ್ಯ ಕೊರತೆಯುಳ್ಳ ಧಾನ್ಯ, ಆದ್ದರಿಂದ ಅದನ್ನು ಮರೆಮಾಚುವುದು ವಂಚನೆ. ಆ ಹುಡುಗಿಯ ಬಣ್ಣದಲ್ಲಿ ಯಾವ ಕೊರತೆಯಿತ್ತು? ಮರೆಮಾಚುವ ಮೂಲಕ ಅದನ್ನು ಕೊರತೆಯನ್ನಾಗಿ ಮಾಡಿದವನು ನಾನೇ. ಫೇರ್ ಎಂಬ ಪದವನ್ನು ಹೊಡೆದು ಗ್ಲೋ ಎಂದು ಬರೆದವರಿಗೂ ನನಗೂ ಏನು ವ್ಯತ್ಯಾಸ? ಅವರಾದರೋ ವ್ಯಾಪಾರಿಗಳು.

ಮರುದಿನ ಅವರ ಮನೆಗೆ ಹೋದೆ. ಕಾಗದ ಅದಾಗಲೇ ಹುಡುಗಿಯ ಕೈಯಲ್ಲಿತ್ತು. ಬಾಗಿಲ ಮರೆಯಿಂದಲೇ ಕೇಳಿದಳು:

‘ಉಸ್ತಾದ್, ಇದು ಯಾರ ಬಣ್ಣ?’

ನಾನು ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದೆ. ಹೆಸರು, ಪ್ರಾಯ, ವಿದ್ಯಾಭ್ಯಾಸ. ಬಣ್ಣದ ಸಾಲನ್ನೇ ಬಿಟ್ಟುಬಿಡೋಣವೆಂದು ತಂದೆಗೆ ಸೂಚಿಸಿದೆ. ‘ಬಿಡುವುದು ಬೇಡ, ಕಪ್ಪು ಎಂದೇ ಬರೆಯಿರಿ’ ಎಂದು ಒಳಗಿನಿಂದ ಧ್ವನಿ ಬಂತು. ಬರೆದೆ. ತಂದೆ ಒಂದು ಮಾತನ್ನೂ ಆಡದೆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಅದನ್ನು ಅವರು ಯಾರಿಗಾದರೂ ಕಳುಹಿಸಿದರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.