ಅಂಚಿನ ಭಾರ ಯಾರದು?

ಸಾಗರದ ಗುಡಿಗಾರರು ಗಂಧದ ತುಂಡಿನ ಮೇಲೆ ಗೆರೆ ಎಳೆದು ಉಳಿ ಹಿಡಿಯುತ್ತಾರೆ. ಇವತ್ತು ಎಳೆದ ಗೆರೆ ತಿಂಗಳು ಕಳೆದರೂ ಅದೇ ಜಾಗದಲ್ಲಿರುತ್ತದೆ. ಮರ ಉಸಿರಾಡುವುದಿಲ್ಲ, ಸೊರಗುವುದಿಲ್ಲ. ಮನುಷ್ಯನ ಮೈಮೇಲೆ ಗೆರೆ ಎಳೆಯಬೇಕಾದವರಿಗೆ ಆ ಭರವಸೆ ಇಲ್ಲ.

ಅಡಿಕೆ ಬೆಳೆಯುವ, ಕವಳ ಹಾಕುವ ನಮ್ಮ ಸೀಮೆಗೆ ಬಾಯಿ ಕ್ಯಾನ್ಸರ್ ಅಪರಿಚಿತವಲ್ಲ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋದವರಿಗೆ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ. ಮೊದಲು ಸಿಟಿ ಸ್ಕ್ಯಾನ್ ಮಾಡಿ ಯೋಜನೆ ಹಾಕುತ್ತಾರೆ. ಮುಖದ ಅಚ್ಚಿಗೆ ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮಾಡಿ, ದಿನವೂ ಅದರೊಳಗೆ ತಲೆ ಅಲುಗದಂತೆ ಮಲಗಿಸುತ್ತಾರೆ.

ಆದರೂ ಕತ್ತು ಕೊಂಚ ವಾಲುತ್ತದೆ. ನುಂಗಲಾಗದೆ ಕೆಲ ವಾರಗಳಲ್ಲಿ ಕೆನ್ನೆ ಇಳಿದು ಮುಖವಾಡ ಸಡಿಲವಾಗುತ್ತದೆ. ಈ ವ್ಯತ್ಯಾಸಕ್ಕೆಂದೇ ವೈದ್ಯರು ರೋಗದ ಭಾಗದ ಸುತ್ತ ಕೆಲವು ಮಿಲಿಮೀಟರ್ ಅಂಚು ಸೇರಿಸಿ ಅಲ್ಲಿಗೂ ಕಿರಣ ಹಾಯಿಸುತ್ತಾರೆ. ಆ ಅಂಚು ರೋಗದ ಅಳತೆಯಲ್ಲ, ನಮ್ಮ ಅನುಮಾನದ ಅಳತೆ. ಅದರ ಬೆಲೆ ತೆರುವುದು ಪಕ್ಕದ ಜೊಲ್ಲಿನ ಗ್ರಂಥಿ. ಅದು ಬತ್ತಿದರೆ, ರೋಗ ಗೆದ್ದವರಿಗೂ ನೀರಿಲ್ಲದೆ ತುತ್ತು ಇಳಿಯದು.

ಈಗ ಹಲವೆಡೆ ಚಿಕಿತ್ಸೆಯ ಯಂತ್ರಕ್ಕೇ ಎಕ್ಸ್-ರೇ ಜೋಡಿಸಿದ್ದಾರೆ. ಅದು ರೋಗಿಯ ಸುತ್ತ ತಿರುಗಿ ಆ ಹೊತ್ತಿನ ಚಿತ್ರ ತೆಗೆಯುತ್ತದೆ. ಅದನ್ನು ಮೊದಲ ಸ್ಕ್ಯಾನ್ ಜೊತೆ ಮೂಳೆಗೆ ಮೂಳೆ ಹೊಂದಿಸಿ ನೋಡಿ, ಮಂಚವನ್ನು ಎರಡೋ ಮೂರೋ ಮಿಲಿಮೀಟರ್ ಸರಿಸಿ, ಆಮೇಲೆ ಕಿರಣ ಬಿಡುತ್ತಾರೆ. ಮೈಯೇ ತೀರಾ ಬದಲಾಗಿದ್ದರೆ ಹೊಸ ಯೋಜನೆ ಬೇಕಾಗಬಹುದು. ಹೀಗೆ ದಿನವೂ ನೋಡುವಲ್ಲಿ ಅಂಚನ್ನು ಕಿರಿದು ಮಾಡಬಹುದು.

ಹಾಗಾದರೆ ದಿನವೂ ನೋಡಲೇಬೇಕೆ? ನೋಡುವುದೂ ಪುಕ್ಕಟೆಯಲ್ಲ. ಚಿತ್ರಕ್ಕೂ ಒಂದಿಷ್ಟು ವಿಕಿರಣ ತಗಲುತ್ತದೆ, ಸಮಯ ಹಿಡಿಯುತ್ತದೆ. ಹೊರಗೆ ಕಾದು ಕೂತವರ ಸಾಲೂ ಇದೆ. ಒಬ್ಬರಿಗೆ ಕೊಟ್ಟ ಐದು ನಿಮಿಷ ಇನ್ನೊಬ್ಬರದು. ಆದ್ದರಿಂದ ಯಂತ್ರ ಇದೆಯೆಂಬ ಒಂದೇ ಕಾರಣಕ್ಕೆ ಉತ್ತರ ಸಿಕ್ಕಿಬಿಡುವುದಿಲ್ಲ.

ನನಗೆ ಪ್ರಶ್ನೆ ಹೀಗೆ ಕಾಣುತ್ತದೆ: ಚಿಕಿತ್ಸೆ ಮಾಡುವವರ ಅನುಮಾನದ ಭಾರವನ್ನು ಯಾರು ಹೊರಬೇಕು? ನೋಡುವ ಅನುಕೂಲವಿಲ್ಲದಲ್ಲಿ ಅಗಲ ಅಂಚು ಬಿಡುವುದೇ ಪ್ರಾಮಾಣಿಕತೆ. ನೋಡದೆ ಅದನ್ನು ಕಿರಿದು ಮಾಡಿದರೆ ಕಿರಣ ರೋಗವನ್ನೇ ತಪ್ಪಿಸಿಕೊಂಡು ಹೋದೀತು; ಅದು ದುಡುಕು. ಆದರೆ ನೋಡಲು ಸಾಧ್ಯವಿದ್ದೂ, ತಕ್ಕ ಕಾರಣವಿಲ್ಲದೆ ನೋಡದೆ, ಆ ಭಾರವನ್ನು ಮುಖವಾಡದೊಳಗೆ ಮಾತಾಡಲಾಗದೆ ಮಲಗಿದವರ ಮೇಲೆ ಹೊರಿಸುವುದು ನ್ಯಾಯವಲ್ಲ. ನಿನ್ನೆ ಸರಿಯಾಗಿಯೇ ಮಲಗಿಸಿದ್ದೆವು ಎಂಬುದು ಇವತ್ತು ಮಲಗಿದವರಿಗೆ ಉತ್ತರವಾಗದು.