ರಸ್ತೆಯಲ್ಲಿ ಯಾರ ಪಾಲು ಎಷ್ಟು?

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಊಟದ ಸರದಿಯಲ್ಲಿ ನಿಂತಿದ್ದಾಗ ಹಿರಿಯರೊಬ್ಬರು, "ಈ ದೇಶಕ್ಕೆ ಇನ್ನೂ ಹತ್ತು ಜನ ಶ್ರೀಧರನ್ ಬೇಕು. ಬಲ್ಲವರ ಕೈಗೆ ಕೆಲಸ ಕೊಟ್ಟು ಉಳಿದವರು ಬಾಯಿ ಮುಚ್ಚಿಕೊಂಡಿದ್ದರೆ ಊರು ತಾನಾಗಿಯೇ ಉದ್ಧಾರವಾಗುತ್ತದೆ" ಎಂದರು. ಸುತ್ತಲಿದ್ದವರು ತಲೆದೂಗಿದರು. ನಾವೂ ತೂಗಿದೆವು, ಕೈಯಲ್ಲಿ ತಟ್ಟೆ ಹಿಡಿದುಕೊಂಡು ವಾದಕ್ಕಿಳಿಯುವುದು ಕಷ್ಟ. ಮನೆಗೆ ಬಂದ ಮೇಲೆ ಮಾತ್ರ ಆ ಮಾತಿನಲ್ಲಿ ಅರ್ಧ ನಿಜ, ಉಳಿದರ್ಧದಲ್ಲಿ ಏನೋ ಜಾರಿಹೋಗಿದೆ ಎಂದು ಅನ್ನಿಸತೊಡಗಿತು. ಆ ಜಾರಿಹೋದದ್ದನ್ನು ಹುಡುಕುವ ಪ್ರಯತ್ನವೇ ಈ ಬರಹ.

ಮೊದಲು ನಿಜವಾದ ಅರ್ಧ. ಇ. ಶ್ರೀಧರನ್ ಅವರು 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದವರು. ಕೊಂಕಣ ರೈಲ್ವೆಯನ್ನು ಕಟ್ಟಿದವರು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಗಳಾಗಿದ್ದಾಗ ಚಾಲನೆ ಪಡೆದ ಆ ಮಾರ್ಗ 1998ರಲ್ಲಿ ಪೂರ್ಣವಾಯಿತು. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಉಡುಪಿ, ಕುಂದಾಪುರದ ಬಂಧುಗಳಿಗೆ ಊರು ಅದರಿಂದ ಎಷ್ಟು ಹತ್ತಿರವಾಯಿತೆಂಬುದನ್ನು ನಾವು ಹೇಳಬೇಕಾಗಿಲ್ಲ. 1997ರಲ್ಲಿ ಅವರು ದಿಲ್ಲಿ ಮೆಟ್ರೋದ ಹೊಣೆ ಹೊತ್ತರು. 2002ರ ಡಿಸೆಂಬರಿನಲ್ಲಿ ಶಾಹದರಾದಿಂದ ತೀಸ್ ಹಜಾರಿಗೆ ಮೊದಲ ಗಾಡಿ ಓಡಿತು. 65 ಕಿಲೋಮೀಟರಿನ ಮೊದಲ ಹಂತ 2006ರಲ್ಲಿ, ಹೇಳಿದ ಗಡುವಿಗಿಂತ ಮುಂಚೆಯೇ ಮುಗಿಯಿತು. ಸರ್ಕಾರಿ ಕೆಲಸವೊಂದು ಗಡುವಿಗಿಂತ ಮುಂಚೆ ಮುಗಿದದ್ದನ್ನು ಕಂಡು ನಮ್ಮ ಕಚೇರಿಯ ಹಳೆಯ ಸೂಪರಿಂಟೆಂಡೆಂಟರು ಇದರಲ್ಲೇನೋ ಮೋಸವಿದೆ ಎಂದೇ ಬಹಳ ದಿನ ನಂಬಿದ್ದರು.

ನಮ್ಮ ಮನಸ್ಸಿನಲ್ಲಿ ಇವೆಲ್ಲಕ್ಕಿಂತ ಆಳವಾಗಿ ಉಳಿದಿರುವುದು 2009ರ ಜುಲೈ 12. ಅಂದು ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೋ ಸೇತುವೆಯ ಭಾಗ ಕುಸಿದು ಆರು ಜನ ಸತ್ತರು. ನೈತಿಕ ಹೊಣೆ ನನ್ನದು ಎಂದು ಶ್ರೀಧರನ್ ಅಂದೇ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ, ಅವರು ಮುಂದುವರಿದರು. ಕಡತವೊಂದು ಕಳೆದುಹೋದರೆ ಅದು ಪಕ್ಕದ ವಿಭಾಗದ ಮೇಜಿನಿಂದಲೇ ಹೋಯಿತೆಂದು ಟಿಪ್ಪಣಿ ಬರೆಯುವ ನಮ್ಮಂಥವರಿಗೆ ಆ ಕಾಗದ ಒಂದು ಪಾಠವಾಗಿತ್ತು.

ಆದರೂ ಮೆಟ್ರೋದ ಯಶಸ್ಸಿನಲ್ಲಿ ಒಂದು ಅನುಕೂಲ ಅಡಗಿದೆ. ಅದು ಓಡುವುದು ನೆಲದ ಕೆಳಗೆ, ಇಲ್ಲವೇ ಕಂಬಗಳ ಮೇಲೆ. ಕಟ್ಟುವಷ್ಟು ಕಾಲ ಧೂಳು, ತೊಂದರೆ ಇರುತ್ತದೆ. ಕಟ್ಟಿದ ಮೇಲೆ ಕಾರಿನವನ ರಸ್ತೆ ಹೆಚ್ಚುಕಡಿಮೆ ಅವನಿಗೇ ಉಳಿಯುತ್ತದೆ. ಸಾವಿರಾರು ಕೋಟಿ ಖರ್ಚಾಗಲಿ, ಯಾರ ತಟ್ಟೆಯಿಂದಲೂ ಏನನ್ನೂ ತೆಗೆದಂತೆ ಕಾಣುವುದಿಲ್ಲ. ಕೂಡುಕುಟುಂಬದಲ್ಲಿ ಹೊಸ ಕೋಣೆ ಕಟ್ಟಿಸುವುದಕ್ಕೆ ಒಳ್ಳೆಯ ಮೇಸ್ತ್ರಿ, ನೆಟ್ಟಗಿನ ಲೆಕ್ಕ, ಸಾಕಷ್ಟು ಹಣವಿದ್ದರೆ ಆಯಿತು. ಇದ್ದ ಕೋಣೆಗಳನ್ನು ಅಣ್ಣತಮ್ಮಂದಿರಿಗೆ ಹಂಚುವ ಪ್ರಸಂಗ ಬಂದಾಗಲೇ ಮನೆಯ ಯಜಮಾನನ ಯೋಗ್ಯತೆ ತಿಳಿಯುವುದು.

ಅಂಥ ಹಂಚಿಕೆಯ ಪ್ರಸಂಗವೊಂದು ನಮ್ಮ ಬಾಗಿಲಲ್ಲೇ ನಡೆಯಿತು. ಪುಷ್ಪವಿಹಾರದ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ನಮಗೆ ಅಂಬೇಡ್ಕರ್ ನಗರದಿಂದ ಚಿರಾಗ್ ದಿಲ್ಲಿಯ ಮೂಲಕ ಮೂಲ್‌ಚಂದ್‌ಗೆ ಹೋಗುವ ರಸ್ತೆಯೇ ಹೆದ್ದಾರಿ. 2008ರ ಏಪ್ರಿಲಿನಲ್ಲಿ ಆ ರಸ್ತೆಯ 5.8 ಕಿಲೋಮೀಟರಿನಷ್ಟು ಉದ್ದಕ್ಕೆ ಬಿ.ಆರ್.ಟಿ. ಎಂಬ ಬಸ್ಸಿನ ಪ್ರತ್ಯೇಕ ಮಾರ್ಗ ಬಂದಿತು. ಐ.ಐ.ಟಿ.ಯ ಪ್ರಾಧ್ಯಾಪಕರಾದ ದಿನೇಶ್ ಮೋಹನ್, ಗೀತಂ ತಿವಾರಿ ಮೊದಲಾದವರ ಚಿಂತನೆ ಅದರ ಹಿಂದಿತ್ತು. ನಡುವೆ ಬಸ್ಸಿಗೊಂದು ಸಾಲು, ಅದರ ಪಕ್ಕಕ್ಕೆ ಕಾರು ಸ್ಕೂಟರುಗಳು, ಅಂಚಿನಲ್ಲಿ ಸೈಕಲ್ಲಿಗೂ ಕಾಲ್ನಡಿಗೆಯವರಿಗೂ ಬೇರೆ ಬೇರೆ ದಾರಿ. ಆಗ ನಾವು ಬಸ್ಸಿನವರು. ಎರಡೂ ಬದಿ ನಿಂತುಬಿಟ್ಟ ಕಾರುಗಳ ನಡುವೆ ನಮ್ಮ ಬಸ್ಸು ಸಾಗುತ್ತಿದ್ದಾಗ, ಸುಳ್ಳೇಕೆ, ಒಂದು ಬಗೆಯ ರಾಜಠೀವಿಯೇ ಬರುತ್ತಿತ್ತು.

ಯೋಜನೆಯಲ್ಲಿ ದೋಷಗಳಿದ್ದವು. ಚಿರಾಗ್ ದಿಲ್ಲಿ ಚೌಕದಲ್ಲಿ ಸಿಗ್ನಲ್ಲಿಗೆ ಕಾದು ಕಾದು ಎಂಥವರಿಗೂ ತಾಳ್ಮೆ ತಪ್ಪುತ್ತಿತ್ತು. ರಸ್ತೆಯ ನಡುವಿನ ನಿಲ್ದಾಣಕ್ಕೆ ಮುದುಕರು ದಾಟಿಹೋಗುವುದು ಸುಲಭವಿರಲಿಲ್ಲ. ಮೂಲ್‌ಚಂದ್ ದಾಟಿದೊಡನೆ ಬಸ್ಸು ಮತ್ತೆ ಎಲ್ಲರ ಜೊತೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ದಿಲ್ಲಿ ಗೇಟಿನವರೆಗೆ ಹೋಗಬೇಕಾದದ್ದು ಮೊದಲ ತುಂಡಿಗೇ ನಿಂತಿತು.

ಇನ್ನು ನಮ್ಮ ಕಥೆ. ಆರನೆಯ ವೇತನ ಆಯೋಗದ ಬಾಕಿಯ ಎರಡನೆಯ ಕಂತು 2009ರಲ್ಲಿ ಕೈಗೆ ಬಂತು. ಮನೆಯಲ್ಲಿ ಸಣ್ಣ ಮಗು, ಧಾರವಾಡದಿಂದ ಬಂದಿದ್ದ ಅಮ್ಮನಿಗೆ ಮೊಣಕಾಲು ನೋವು. ಚಿಕ್ಕದೊಂದು ಕಾರು ಕೊಂಡೆವು. ಅದಾದ ಎರಡನೆಯ ವಾರಕ್ಕೆ ಚಿರಾಗ್ ದಿಲ್ಲಿಯಲ್ಲಿ ನಿಂತು, ಪಕ್ಕದ ಬಸ್ಸಿನ ಸಾಲು ಖಾಲಿ ಇರುವುದನ್ನು ನೋಡುತ್ತ, "ಯಾವ ದಡ್ಡ ಇದನ್ನು ಮಾಡಿದನೋ!" ಎಂದೆವು. ಹಿಂದೆ ಕುಳಿತಿದ್ದ ನಮ್ಮ ಮನೆಯವರು, "ಹೋದ ತಿಂಗಳು ಇವರನ್ನೇ ನೀವು ಜಾಣರು ಅಂತಿದ್ರಿ" ಎಂದರು. ಉತ್ತರ ಹೊಳೆಯಲಿಲ್ಲ. ಹಸಿರು ದೀಪ ಬಂದು ಮಾನ ಉಳಿಸಿತು.

ಆ ಪ್ರಶ್ನೆಗೆ ಉತ್ತರ ಹುಡುಕಿದಾಗ ಬಿ.ಎಸ್ಸಿ. ಓದಿದ್ದು ಸ್ವಲ್ಪ ಉಪಯೋಗಕ್ಕೆ ಬಂತು. ಪ್ರಯೋಗಶಾಲೆಯಲ್ಲಿ ನಮ್ಮ ಗುರುಗಳು ಮೊದಲು ಕೇಳುತ್ತಿದ್ದುದು, "ಅಂಕಿ ಇರಲಿ, ಮಾನ ಯಾವುದು?" ಎಂದು. ಗ್ರಾಮೋ, ಸೆಕೆಂಡೋ, ಅದನ್ನು ಬರೆಯದ ಉತ್ತರಕ್ಕೆ ಸೊನ್ನೆ. ರಸ್ತೆಯದೂ ಹಾಗೆಯೇ. ಒಂದು ಗಂಟೆಯಲ್ಲಿ ಚೌಕ ದಾಟಿದ ವಾಹನಗಳನ್ನು ಎಣಿಸಿದರೆ ಬಸ್ಸಿಗೆ ಬೇರೆ ಸಾಲು ಕೊಟ್ಟದ್ದು ಶುದ್ಧ ದಂಡ. ದಾಟಿದ ಮನುಷ್ಯರನ್ನು ಎಣಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ: ಆ ರಸ್ತೆಯ ವಾಹನಗಳಲ್ಲಿ ಬಸ್ಸುಗಳು ನೂರಕ್ಕೆ ಮೂರೂ ಇರಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಹೋಗುತ್ತಿದ್ದುದು ಆ ಬಸ್ಸುಗಳಲ್ಲೇ.

ಪ್ರಕರಣ ದಿಲ್ಲಿ ಹೈಕೋರ್ಟಿಗೆ ಹೋಯಿತು. 2012ರಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯವರು ಪರಿಶೀಲಿಸಿ, ಎಲ್ಲ ವಾಹನಗಳೂ ಬೆರೆತು ಓಡುವುದೇ ಮೇಲೆಂದು ವರದಿ ಕೊಟ್ಟರು. ಅವರೂ ತಜ್ಞರೇ, ಐ.ಐ.ಟಿ.ಯವರೂ ತಜ್ಞರೇ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾಯಾಲಯ ಬಸ್ಸಿನ ಸಾಲನ್ನು ಎತ್ತಿಹಿಡಿದು ಅರ್ಜಿಯನ್ನು ವಜಾ ಮಾಡಿತು. ಆದರೆ ಕಾರಿನವರ ಗೊಣಗಾಟವನ್ನು ವಜಾ ಮಾಡಲು ಯಾವ ನ್ಯಾಯಾಲಯಕ್ಕಾದರೂ ಸಾಧ್ಯವೇ? 2015ರಲ್ಲಿ ಹೊಸ ಸರ್ಕಾರ ಬಿ.ಆರ್.ಟಿ.ಯನ್ನು ಕೈಬಿಡಲು ನಿರ್ಧರಿಸಿತು, 2016ರ ಜನವರಿಯಲ್ಲಿ ಯಂತ್ರಗಳು ಬಂದು ಒಡೆಯತೊಡಗಿದವು.

ತಜ್ಞರು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ವಾಹನವನ್ನು ಎಣಿಸಬೇಕೇ, ಮನುಷ್ಯನನ್ನು ಎಣಿಸಬೇಕೇ ಎಂಬುದು ಎಂಜಿನಿಯರಿಂಗಿನ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆ. ಅದನ್ನು ನಿರ್ಧರಿಸಿ, ಜನರ ಮುಂದೆ ನಿಂತು, "ನಿಮ್ಮಿಂದ ಇಷ್ಟು ತೆಗೆದುಕೊಳ್ಳುತ್ತಿದ್ದೇನೆ, ಇಂಥವರಿಗೆ ಕೊಡುತ್ತಿದ್ದೇನೆ, ಕಾರಣ ಇದು" ಎಂದು ಹೇಳಿ, ಬೈಗಳನ್ನು ಸಹಿಸುವುದು ನಾಯಕನ ಕೆಲಸ. ನಮ್ಮ ಬಿ.ಆರ್.ಟಿ.ಗೆ ಅಂಥ ಯಜಮಾನನೊಬ್ಬ ಕೊನೆಯವರೆಗೆ ನಿಂತಂತೆ ನಮಗೆ ಕಾಣಲಿಲ್ಲ. ಬಸ್ಸಿನವರಾದರೂ ಬಾಯಿ ಬಿಟ್ಟರೇ? ಪತ್ರಿಕೆಗೆ ಪತ್ರ ಬರೆಯುವ ವ್ಯವಧಾನ ಇರುವವರು ಕಾರಿನೊಳಗೇ ಇದ್ದರು, ನಮ್ಮನ್ನೂ ಸೇರಿಸಿ.

ಬ್ರೆಜಿಲ್ ದೇಶದ ಕುರಿಟೀಬಾ ಪಟ್ಟಣದ ಮೇಯರ್ ಜೈಮೆ ಲರ್ನರ್ ಎಂಬವರು ಇದನ್ನು ಬೇರೊಂದು ರೀತಿಯಲ್ಲಿ ಸಾಧಿಸಿದರು. ವಾಸ್ತುಶಿಲ್ಪಿ, ತಜ್ಞರೂ ಅವರೇ, ನಾಯಕರೂ ಅವರೇ. 1972ರಲ್ಲಿ ಊರಿನ ಮುಖ್ಯ ಬೀದಿಯನ್ನು ಕಾಲ್ನಡಿಗೆಯವರಿಗೆ ಬಿಡಿಸಬೇಕಾದಾಗ ಅಂಗಡಿಕಾರರು ವಿರೋಧಿಸಿದರು. ಅವರು ನ್ಯಾಯಾಲಯಕ್ಕೆ ಓಡುವಷ್ಟರಲ್ಲಿ ಮುಗಿಯಲೆಂದು ಶುಕ್ರವಾರ ಸಂಜೆ ಕೆಲಸ ಹಿಡಿಸಿ 72 ಗಂಟೆಗಳಲ್ಲಿ ಮುಗಿಸಿದರು. ಕಾರಿನವರು ಗುಂಪಾಗಿ ನುಗ್ಗುವ ಬೆದರಿಕೆ ಹಾಕಿದಾಗ ಬೀದಿಯ ಉದ್ದಕ್ಕೂ ಕಾಗದ ಹಾಸಿ ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿದರು. ಕೊನೆಗೆ ಅಂಗಡಿಕಾರರೇ ಇನ್ನಷ್ಟು ದೂರ ವಿಸ್ತರಿಸಿರೆಂದು ಕೇಳಿದರಂತೆ. 1974ರಲ್ಲಿ ಅಲ್ಲಿ ಬಸ್ಸಿಗೆ ಪ್ರತ್ಯೇಕ ಮಾರ್ಗಗಳು ಬಂದವು. ಜಗತ್ತಿನ ಎಷ್ಟೋ ನಗರಗಳು ಅಲ್ಲಿಂದ ಕಲಿತವು.

ಕಥೆ ಚೆನ್ನಾಗಿದೆ. ಆದರೆ ಆ ದೇಶದಲ್ಲಿ ಆಗ ಸೈನಿಕ ಆಡಳಿತ. ಲರ್ನರ್ ಜನರಿಂದ ಆಯ್ಕೆಯಾದವರಲ್ಲ, ನೇಮಕಗೊಂಡವರು. ನಮ್ಮ ಹಿರಿಯರ ಮಾತಿನಲ್ಲಿ ಜಾರಿಹೋದದ್ದು ಇಲ್ಲಿದೆ ಎಂದು ನಮಗೆ ತೋರುತ್ತದೆ. ಬಲ್ಲವನು ಸರಿಯಾಗಿದ್ದಾಗ ಉಳಿದವರ ಬಾಯಿ ಮುಚ್ಚಿಸಿದ್ದು ವರವಾಗಿ ಕಾಣುತ್ತದೆ. ಅದೇ ಬೀಗದ ಕೈ ನಾಳೆ ಗುಡಿಸಲು ಕೆಡಹುವವನ ಕೈಗೆ ಹೋದರೆ? ಶ್ರೀಧರನ್ ಅವರೇ 2021ರಲ್ಲಿ ಪಾಲಕ್ಕಾಡಿನಿಂದ ವಿಧಾನಸಭೆಗೆ ನಿಂತು ಸೋತರು. ಜನ ಕೃತಘ್ನರೆಂದು ನಾವು ಹೇಳಲಾರೆವು. ಕೇಳಿದ್ದು ಬೇರೆ ಪರೀಕ್ಷೆಯ ಅಂಕ, ಅಷ್ಟೇ.

ಊರಿನಲ್ಲೂ ಈಗ ಇದೇ ಚರ್ಚೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಚಿಗರಿ ಬಸ್ಸುಗಳು ನಡುರಸ್ತೆಯ ತಮ್ಮದೇ ಸಾಲಿನಲ್ಲಿ ಓಡುತ್ತವೆ. ಕಳೆದ ಸಲ ಹೋದಾಗ ನಮ್ಮ ಕಾಕಾ ಹೇಳಿದರು: "ಚಿಗರಿಯೊಳಗ ಕೂತಾಗ ರಸ್ತಾ ನಮ್ಮಪ್ಪಂದು ಅನಸ್ತದ ನೋಡು. ಮಗನ ಕಾರಿನೊಳಗ ಕೂತರ ಅದೇ ರಸ್ತಾ ಯಾರೋ ಕಸ್ಕೊಂಡಂಗ ಆಗ್ತದ." ಹದಿನೈದು ವರ್ಷ ನಾವು ಸುತ್ತಿ ಸುತ್ತಿ ಯೋಚಿಸಿದ್ದನ್ನು ಕಾಕಾ ಅಡಿಕೆ ಕತ್ತರಿಸುತ್ತ ಹೇಳಿ ಮುಗಿಸಿದರು.

ಬಿ.ಆರ್.ಟಿ. ಒಡೆದ ದಿನ ನಮಗೆ ಸಂತೋಷವಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಕಚೇರಿಯಲ್ಲಿ ಅದನ್ನೇ ಹೇಳಿ ಚಹಾ ಕುಡಿಸಿದೆವು. ಚಹಾ ತಂದುಕೊಟ್ಟ ಜವಾನ ದಕ್ಷಿಣಪುರಿಯಿಂದ ಸೈಕಲ್ ಮೇಲೆ ಬರುವವನು. ಸೈಕಲ್ಲಿನ ದಾರಿಯನ್ನೂ ಒಡೆಯುತ್ತಾರೆಯೇ ಎಂದಷ್ಟೇ ಕೇಳಿದ. ಗೊತ್ತಿಲ್ಲ ಎಂದೆವು. ಎಂಟು ವರ್ಷ ದಿನಾ ಆ ರಸ್ತೆಯಲ್ಲಿ ಓಡಾಡಿದ ನಾವು ಸೈಕಲ್ಲಿನವರ ವಿಷಯ ಒಮ್ಮೆಯೂ ಯೋಚಿಸಿರಲಿಲ್ಲ. ಕೆಲವು ತಿಂಗಳ ಮೇಲೆ ಅವನು ಸೈಕಲ್ ಬಿಟ್ಟು ಬಸ್ಸು ಹತ್ತತೊಡಗಿದ.

ಈಗ ಅದೇ ರಸ್ತೆಯ ದಿಕ್ಕಿನಲ್ಲಿ ಲಾಜ್‌ಪತ್ ನಗರದಿಂದ ಸಾಕೇತಿಗೆ ಎತ್ತರದ ಮೆಟ್ರೋ ಮಾರ್ಗವೊಂದಕ್ಕೆ 2024ರ ಮಾರ್ಚಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ನಮ್ಮ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಸಂತೋಷ. ಹೊಸ ಕೋಣೆ ಅಲ್ಲವೇ.

ಕಳೆದ ವಾರ ಕಾರು ರಿಪೇರಿಗೆ ಹೋಗಿತ್ತು. ಬಹಳ ದಿನಗಳ ಮೇಲೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದೆವು. ಚಿರಾಗ್ ದಿಲ್ಲಿಯ ಹತ್ತಿರ ಬಸ್ಸು ಕಾರುಗಳ ನಡುವೆ ನಿಂತಿತು. ಹೊತ್ತು ಹೋಗಲೆಂದು ಒಬ್ಬನೇ ಕುಳಿತಿರುವ ಕಾರುಗಳನ್ನು ಎಣಿಸತೊಡಗಿದೆವು. ಹನ್ನೊಂದನೆಯದು ನಮ್ಮ ಪಕ್ಕದ ಕ್ವಾರ್ಟರ್ಸಿನವರದು. ಅವರು ಗಾಜು ಇಳಿಸಿ, ಏನು ಸಾಹೇಬರು ಇವತ್ತು ಬಸ್ಸಿನಲ್ಲಿ ಎಂದು ಕೇಳಿ, ಬನ್ನಿ, ನನ್ನ ಗಾಡಿಯಲ್ಲಿ ಜಾಗವಿದೆ ಎಂದು ಪಕ್ಕದ ಸೀಟು ತೋರಿಸಿದರು. ಬಸ್ಸಿನ ಬಾಗಿಲ ಬಳಿ ಬಹಳ ಜನ ನಿಂತಿದ್ದರು, ಇಳಿಯುವುದಕ್ಕೆ ಆಗಲಿಲ್ಲ.